ಐವಿಎ ಇದ್ದವರಿಗೆ ಬಾಡಿಗೆ ಮನೆ ಸಿಗುತ್ತಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿದ್ದೇವೆ, ಐಎಲ್‌ಆರ್ (ಶಾಶ್ವತವಾಗಿ ಇರುವ ಪರವಾನಗಿ) ಕೂಡ ಸಿಕ್ಕಿದೆ. ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೆ 27,600 ಪೌಂಡ್ ಸಂಬಳ. ನಮ್ಮ ಯಜಮಾನರು ಅರ್ಧ ದಿನದ ಕೆಲಸಕ್ಕೆ ಹೋಗಿ 9,000 ತರುತ್ತಾರೆ. ಇಬ್ಬರು ಮಕ್ಕಳು.

2021ರಲ್ಲಿ ಇವರು ದಿನಸಿ ಅಂಗಡಿ ಇಟ್ಟಿದ್ದರು. ಬಂಡವಾಳಕ್ಕೆ ನನ್ನ ಹೆಸರಿನ ಕ್ರೆಡಿಟ್ ಕಾರ್ಡ್‌ಗಳಿಂದ ದುಡ್ಡು ಎತ್ತಿದೆವು. ಅಂಗಡಿ ಕೈ ಹಿಡಿಯಲಿಲ್ಲ. 31,000 ಪೌಂಡ್ ಸಾಲ ನನ್ನ ತಲೆ ಮೇಲೆ ಬಂತು. 2023ರ ಅಕ್ಟೋಬರ್‌ನಲ್ಲಿ ಐವಿಎ, ಅಂದರೆ ಐದು ವರ್ಷದ ಸಾಲದ ಒಪ್ಪಂದ, ಮಾಡಿಸಿಕೊಂಡೆ. ತಿಂಗಳಿಗೆ 240 ಪೌಂಡ್ ಕಟ್ಟುತ್ತಿದ್ದೇನೆ. ಇಲ್ಲಿಯವರೆಗೆ ಒಂದು ಕಂತೂ ತಪ್ಪಿಲ್ಲ, ಬಾಡಿಗೆಯೂ ತಪ್ಪಿಲ್ಲ.

ಈಗ ಓನರ್ ಮನೆ ಮಾರುತ್ತಾರಂತೆ. ನಾಲ್ಕು ತಿಂಗಳ ನೋಟಿಸ್ ಬಂದಿದೆ. ಮಗಳ ಸ್ಕೂಲ್ ಹತ್ತಿರ 950 ಪೌಂಡ್ ಬಾಡಿಗೆಯ ಮನೆ ನೋಡಿದೆವು. ಏಜೆಂಟ್ ಕೊಟ್ಟ ಫಾರ್ಮ್‌ನಲ್ಲಿ ಕೋರ್ಟ್ ತೀರ್ಪು, ದಿವಾಳಿ, ಐವಿಎ ಏನಾದರೂ ಇದೆಯಾ ಅಂತ ಕೇಳಿದ್ದಾರೆ. ‘ಸುಮ್ನೆ ಇಲ್ಲ ಅಂತ ಹಾಕು, ಯಾರು ನೋಡ್ತಾರೆ’ ಅಂತಾಳೆ ಗೆಳತಿ. ಮೂರು ದಿನದಿಂದ ಆ ಫಾರ್ಮ್ ಫ್ರಿಜ್ ಮೇಲೆ ಕೂತಿದೆ. ರೆಡಿಂಗ್‌ನಲ್ಲಿರುವ ನಮ್ಮ ಭಾವ ಗ್ಯಾರಂಟರ್ ಆಗುತ್ತೇನೆ ಅಂದಿದ್ದಾರೆ, ಆದರೆ ಅವರಿಗೆ ನನ್ನ ಸಾಲದ ವಿಷಯ ಗೊತ್ತಿಲ್ಲ. ಊರಿಂದ ಅಪ್ಪ ಅಡ್ವಾನ್ಸ್‌ಗೆ ಅಂತ 2 ಲಕ್ಷ ಕಳಿಸುತ್ತೇನೆ ಅಂತಿದ್ದಾರೆ. ಏನು ಮಾಡಲಿ ಅಕ್ಕಾ? ಕನ್ನಡ ಬಳಗದವರಿಗೆಲ್ಲ ಗೊತ್ತಾದರೆ ಅನ್ನೋ ಭಯ ಬೇರೆ.
(ಹೆಸರು ಬೇಡ, ಕೋವೆಂಟ್ರಿ)

ಉತ್ತರ: ತಂಗಿ, ಆ ಫಾರ್ಮ್‌ನಲ್ಲಿ ‘ಇಲ್ಲ’ ಅಂತ ಮಾತ್ರ ಹಾಕಬೇಡ. ಯಾಕೆ ಅಂತ ಹೇಳುತ್ತೇನೆ, ಸಮಾಧಾನವಾಗಿ ಓದು.

ಊರಿನಲ್ಲಿ ಕೂತು ಇದನ್ನು ಓದುವವರಿಗೆ ಮೊದಲು ಎರಡು ಮಾತು. ಐವಿಎ ಅಂದರೆ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಇದೆ. ಇಂಗ್ಲೆಂಡ್‌ನಲ್ಲಿ 1986ರ ದಿವಾಳಿ ಕಾನೂನಿನಿಂದ ಬಂದದ್ದು. ಸಾಲ ತೀರಿಸಲು ಆಗದವರು ಲೈಸೆನ್ಸ್ ಇರುವ ಒಬ್ಬ ಇನ್ಸಾಲ್ವೆನ್ಸಿ ಪ್ರಾಕ್ಟಿಷನರ್ (ಸಾಲ, ದಿವಾಳಿ ವ್ಯವಹಾರ ನೋಡುವ ಪರಿಣತರು) ಮೂಲಕ ಸಾಲ ಕೊಟ್ಟವರ ಮುಂದೆ ಒಂದು ಪ್ರಸ್ತಾಪ ಇಡುತ್ತಾರೆ: ಕೈಲಾದಷ್ಟನ್ನು ಐದಾರು ವರ್ಷ ತಿಂಗಳು ತಿಂಗಳು ಕಟ್ಟುತ್ತೇನೆ, ಕೊನೆಗೆ ಉಳಿದದ್ದನ್ನು ಬಿಟ್ಟುಬಿಡಿ ಅಂತ. ಮತ ಹಾಕಿದವರಲ್ಲಿ ಸಾಲದ ಮೊತ್ತದ ಲೆಕ್ಕಕ್ಕೆ 75 ಶೇಕಡ ಮಂದಿ ಒಪ್ಪಿದರೆ ಎಲ್ಲರೂ ಅದಕ್ಕೆ ಕಟ್ಟುಬೀಳುತ್ತಾರೆ. ಬಡ್ಡಿ ನಿಲ್ಲುತ್ತದೆ, ಫೋನ್ ಕಾಟ ನಿಲ್ಲುತ್ತದೆ. ಆದರೆ ಹೆಸರು ಸರ್ಕಾರದ ದಿವಾಳಿ ರಿಜಿಸ್ಟರ್‌ಗೆ ಹೋಗುತ್ತದೆ, ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ಫೈಲ್‌ನಲ್ಲಿ ಆರು ವರ್ಷ ಕೂರುತ್ತದೆ.

ನಿನ್ನ ಗೆಳತಿಯ ಮಾತು ತಪ್ಪಾಗುವುದು ಇಲ್ಲೇ. ಆ ರಿಜಿಸ್ಟರ್ ಅನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ನೋಡಬಹುದು. ಏಜೆಂಟ್‌ಗಳು ಬಾಡಿಗೆಗೆ ಬರುವವರ ಹಿನ್ನೆಲೆ ನೋಡುವ ರೆಫರೆನ್ಸಿಂಗ್ ಕಂಪನಿಗೆ ಕೊಡುವ ಕೆಲಸವೇ ಇದು. ನಿನ್ನ ಹೆಸರು, ಹುಟ್ಟಿದ ದಿನ, ಹಿಂದಿನ ವಿಳಾಸ ಹಾಕಿದರೆ ಸಾಕು, ಐವಿಎ ಎದುರಿಗೆ ಬರುತ್ತದೆ. ಒಂದು ಸಮಾಧಾನದ ವಿಷಯವೂ ಇದೆ. ಬಾಡಿಗೆಗೆ ಮಾಡುವ ಚೆಕ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ ಸಾರ್ವಜನಿಕವಾಗಿ ದಾಖಲಾದದ್ದು ಮಾತ್ರ. ಯಾವ ಕಾರ್ಡ್‌ನಲ್ಲಿ ಎಷ್ಟು ಬಾಕಿ, ಯಾವ ಅಂಗಡಿಯಲ್ಲಿ ಏನು ಕೊಂಡೆ ಅನ್ನೋದು ಅವರಿಗೆ ಕಾಣಲ್ಲ.

ಸುಳ್ಳು ಬರೆದರೆ ದುಡ್ಡೂ ಹೋಗುತ್ತದೆ. ಮನೆ ಹಿಡಿದಿಡಲು ಏಜೆಂಟ್ ಹೋಲ್ಡಿಂಗ್ ಡಿಪಾಸಿಟ್ ಕೇಳುತ್ತಾರೆ. 2019ರ ಟೆನೆಂಟ್ ಫೀಸ್ ಕಾನೂನಿನ ಪ್ರಕಾರ ಅದು ಒಂದು ವಾರದ ಬಾಡಿಗೆಗಿಂತ ಜಾಸ್ತಿ ಇರಬಾರದು. 950ರ ಮನೆಗೆ 219 ಪೌಂಡ್ ಆಗುತ್ತದೆ. ನೀನು ನಿಜ ಹೇಳಿಯೂ ಅವರು ಕ್ರೆಡಿಟ್ ನೋಡಿ ಬೇಡ ಅಂದರೆ, ಆ 219 ಪೌಂಡನ್ನು ಏಳು ದಿನದೊಳಗೆ ವಾಪಸ್ ಕೊಡಲೇಬೇಕು. ಸುಳ್ಳು ಮಾಹಿತಿ ಕೊಟ್ಟಿದ್ದೀಯ ಅಂತಾದರೆ ಇಟ್ಟುಕೊಳ್ಳಬಹುದು. ಇನ್ನೊಂದು ಇದಕ್ಕಿಂತ ದೊಡ್ಡದು. ಹೇಗೋ ಕಣ್ತಪ್ಪಿ ಮನೆ ಸಿಕ್ಕಿತು ಅಂತಿಟ್ಟುಕೋ. ಸುಳ್ಳು ಹೇಳಿ ಬಾಡಿಗೆಗೆ ಬಂದದ್ದು ಆಮೇಲೆ ಗೊತ್ತಾದರೆ, ಅದೇ ಕಾರಣ ಕೊಟ್ಟು ಮನೆ ಬಿಡಿಸಿಕೊಡಿ ಅಂತ ಓನರ್ ಕೋರ್ಟ್‌ಗೆ ಹೋಗಬಹುದು. ಮಕ್ಕಳು ಹೊಸ ಮನೆಗೆ ಹೊಂದಿಕೊಂಡ ಮೇಲೆ ಆ ಕಾಗದ ಬಂದರೆ ಹೇಗಿರುತ್ತೆ, ಯೋಚನೆ ಮಾಡು.

ಈ ಭಯ ನನಗೆ ಹೊಸದಲ್ಲ. ಇಷ್ಟು ವರ್ಷ ಈ ಅಂಕಣದಲ್ಲಿ ಬರೆದಿರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಬರೆಯಬೇಕು ಅನ್ನಿಸಿತು. 2009ರಲ್ಲಿ ಲೆಸ್ಟರ್‌ನಲ್ಲಿ ನಮ್ಮವರ ಫ್ಯಾಕ್ಟರಿ ಕೆಲಸ ಹೋಯಿತು. ಅದೇ ವರ್ಷ ಮೈಸೂರಿನಲ್ಲಿ ಅಮ್ಮನ ಆಪರೇಷನ್. ಮೂರು ಕಾರ್ಡ್ ತುಂಬಿದವು. 2011ರಲ್ಲಿ ನಾನೂ ಐವಿಎಗೆ ಸಹಿ ಹಾಕಿದೆ. 2013ರಲ್ಲಿ ಓನರ್ ತಾನೇ ಬಂದು ಇರುತ್ತೇನೆ ಅಂದ. ಮನೆ ಹುಡುಕಲು ಹೊರಟೆವು. ಆಗ ಏಜೆಂಟ್‌ಗಳು ರೆಫರೆನ್ಸ್‌ಗೆ ಅಂತಲೇ ದುಡ್ಡು ತೆಗೆದುಕೊಳ್ಳಬಹುದಿತ್ತು. ಮೊದಲ ಏಜೆಂಟ್‌ಗೆ 180 ಪೌಂಡ್ ಕಟ್ಟಿದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕನೇ ದಿನ ‘ಸಾರಿ’ ಅಂತ ಒಂದು ಸಾಲಿನ ಮೆಸೇಜ್. ಎರಡನೆಯವರಿಗೆ 160 ಕಟ್ಟಿದೆ. ಅಲ್ಲೂ ಅದೇ ಕಥೆ. 340 ಪೌಂಡ್, ನಮ್ಮ ಮನೆಯ ಒಂದೂವರೆ ತಿಂಗಳ ದಿನಸಿ. ಬಸ್ ಸ್ಟಾಪ್‌ನಲ್ಲಿ ನಿಂತು ಅತ್ತಿದ್ದು ಇವತ್ತಿಗೂ ನೆನಪಿದೆ.

ಮೂರನೇ ಸಲ ನಾನು ಏಜೆಂಟ್ ಹತ್ತಿರ ಹೋಗಲಿಲ್ಲ. ಬೆಲ್‌ಗ್ರೇವ್ ರೋಡ್‌ನ ಸೀರೆ ಅಂಗಡಿಯ ಗಾಜಿಗೆ ಒಂದು ಚೀಟಿ ಅಂಟಿಸಿದ್ದರು, ಮನೆ ಬಾಡಿಗೆಗಿದೆ ಅಂತ. ವಯಸ್ಸಾದ ಗುಜರಾತಿ ಅಮ್ಮನ ಮನೆ. ಹೋಗುವಾಗ ಒಂದು ಫೈಲ್ ಹಿಡಿದುಕೊಂಡು ಹೋದೆ. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಾಡಿಗೆ ಹೋದ ಪ್ರತಿ ಸಾಲಿಗೂ ಹಳದಿ ಪೆನ್ನಿನಲ್ಲಿ ಗುರುತು ಹಾಕಿದ್ದೆ. ಹಳೇ ಓನರ್ ಬರೆದುಕೊಟ್ಟ ಪತ್ರ ಇತ್ತು. ಕಂತೆಲ್ಲ ಸರಿಯಾಗಿ ಬರುತ್ತಿದೆ ಅಂತ ಐವಿಎ ನೋಡಿಕೊಳ್ಳುವ ಸೂಪರ್‌ವೈಸರ್ ಆಫೀಸಿನಿಂದ ತರಿಸಿದ ಕಾಗದ ಇತ್ತು. ಕೂತ ತಕ್ಷಣ ಹೇಳಿದೆ, ನನ್ನ ಮೇಲೆ ಹೀಗೊಂದು ಸಾಲದ ಒಪ್ಪಂದ ಇದೆ, ನೀವು ಬೇರೆಯವರಿಂದ ಕೇಳುವುದಕ್ಕೆ ಮೊದಲು ನಾನೇ ಹೇಳುತ್ತಿದ್ದೇನೆ ಅಂತ. ಅವರು ಫೈಲ್ ತಿರುವಿ ಹಾಕಿದರು. ‘ಬಾಡಿಗೆ ಯಾವತ್ತೂ ತಪ್ಪಿಲ್ಲ ಅಲ್ವಾ?’ ಅಂದರು. ಆ ಮನೆಯಲ್ಲಿ ಆರು ವರ್ಷ ಇದ್ದೆವು.

ನಿನಗೂ ಅದೇ ಫೈಲ್ ಮಾಡಿಕೋ. ಈ ವಾರವೇ ಸೂಪರ್‌ವೈಸರ್‌ಗೆ ಇಮೇಲ್ ಹಾಕಿ ಪತ್ರ ಕೇಳು, ಒಂದೆರಡು ವಾರ ಹಿಡಿಯಬಹುದು. ಈಗಿನ ಓನರ್ ಹತ್ತಿರ ರೆಫರೆನ್ಸ್ ಪತ್ರ ತೆಗೆದುಕೋ. ಮನೆ ಮಾರುವ ಅವಸರದಲ್ಲಿರುವವರು ಇದಕ್ಕೆ ಖುಷಿಯಾಗಿಯೇ ಒಪ್ಪುತ್ತಾರೆ. ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ನೋಡು. ಭಾರತ ಕಾಮನ್‌ವೆಲ್ತ್ ದೇಶ, ಆದ್ದರಿಂದ ಇಲ್ಲಿ ವಾಸಕ್ಕೆ ಪರವಾನಗಿ ಇರುವ ನಮ್ಮವರು ಇಂಡಿಯಾ ಪಾಸ್‌ಪೋರ್ಟ್‌ನಲ್ಲೇ ಆ ಪಟ್ಟಿಗೆ ಸೇರಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ವಿಳಾಸ ತಾಳೆ ನೋಡುವಾಗ ಅದು ತುಂಬ ಕೆಲಸಕ್ಕೆ ಬರುತ್ತದೆ.

ಆಮೇಲೆ ಏಜೆಂಟ್‌ಗೆ ಫೋನ್ ಮಾಡು. ದುಡ್ಡು ಕಟ್ಟುವ ಮೊದಲು. ‘ನನಗೆ ಐವಿಎ ನಡೆಯುತ್ತಿದೆ, ಕಂತು ತಪ್ಪಿಲ್ಲ. ನಿಮ್ಮ ರೆಫರೆನ್ಸಿಂಗ್ ಕಂಪನಿ ಇಂಥವರನ್ನು ತೆಗೆದುಕೊಳ್ಳುತ್ತಾ? ಗ್ಯಾರಂಟರ್ ಇದ್ದರೆ ಆಗುತ್ತಾ?’ ಅಂತ ನೇರವಾಗಿ ಕೇಳು. ಕೆಲವರು ಆಗಲ್ಲ ಅಂತಾರೆ. ಓನರ್ ಬಾಡಿಗೆ ವಿಮೆ ಮಾಡಿಸಿದ್ದರೆ ವಿಮೆ ಕಂಪನಿಯ ನಿಯಮ ಬಿಗಿಯಾಗಿರುತ್ತದೆ, ಆಗ ಏಜೆಂಟ್ ಕೈಯಲ್ಲೂ ಏನೂ ಇರುವುದಿಲ್ಲ. ಕೆಲವರು ಗ್ಯಾರಂಟರ್ ಇದ್ದರೆ ಸರಿ ಅಂತಾರೆ. ಓನರ್‌ಗಳೇ ನೇರವಾಗಿ ಬಾಡಿಗೆಗೆ ಕೊಡುವ ಮನೆಗಳನ್ನೂ ನೋಡು. ಆದರೆ ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ಒಂದು ಪೌಂಡ್ ಕಳಿಸಬೇಡ.

ಸಂಬಳದ ಲೆಕ್ಕದಲ್ಲಿ ನಿನಗೆ ತೊಂದರೆ ಇಲ್ಲ. ಬಹಳಷ್ಟು ಏಜೆಂಟ್‌ಗಳು ತಿಂಗಳ ಬಾಡಿಗೆಯ ಮೂವತ್ತು ಪಟ್ಟು ವರ್ಷದ ಆದಾಯ ಕೇಳುತ್ತಾರೆ. 950ಕ್ಕೆ 28,500 ಬೇಕು. ನಿನ್ನೊಬ್ಬಳ ಸಂಬಳ ಸ್ವಲ್ಪ ಕಡಿಮೆ ಬೀಳುತ್ತದೆ. ಇಬ್ಬರ ಹೆಸರಲ್ಲೂ ಮಾಡಿಸಿದರೆ 36,600, ಧಾರಾಳ ಸಾಕು. ಐವಿಎ ನಿನ್ನೊಬ್ಬಳದ್ದು, ಮದುವೆಯಾಗಿದ್ದೀರಿ ಅಂತ ನಿಮ್ಮ ಯಜಮಾನರ ಫೈಲ್‌ಗೆ ಅದು ಹೋಗುವುದಿಲ್ಲ. ಜಾಯಿಂಟ್ ಅಕೌಂಟ್ ಅಥವಾ ಜಂಟಿ ಸಾಲ ಇದ್ದರೆ ಮಾತ್ರ ಇಬ್ಬರ ಫೈಲ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಮೊದಲೆಲ್ಲ ಇಂಥ ಕಷ್ಟದಲ್ಲಿ ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟು ಓನರ್‌ನನ್ನು ಒಪ್ಪಿಸುತ್ತಿದ್ದರು. ನಿನ್ನ ಅಪ್ಪನ ತಲೆಯಲ್ಲೂ ಅದೇ ಇರಬಹುದು, ನಮ್ಮಲ್ಲಿ ಅಡ್ವಾನ್ಸ್ ಅಂದರೆ ಹತ್ತು ತಿಂಗಳದ್ದು ನೋಡಿ ಬೆಳೆದವರು. ಇಂಗ್ಲೆಂಡ್‌ನಲ್ಲಿ ಆ ದಾರಿ ಮುಚ್ಚಿದೆ. ಬಾಡಿಗೆದಾರರ ಹೊಸ ಕಾನೂನು 2026ರ ಮೇ 1ರಿಂದ ಜಾರಿ. ಅದರ ಪ್ರಕಾರ ಅಗ್ರಿಮೆಂಟ್‌ಗೆ ಸಹಿ ಆಗುವ ಮೊದಲು ಬಾಡಿಗೆ ಕೇಳುವಂತಿಲ್ಲ, ನೀನಾಗಿ ಕೊಟ್ಟರೂ ಮುಟ್ಟುವಂತಿಲ್ಲ. ಸಹಿಯಾದ ಮೇಲೂ ಒಂದು ತಿಂಗಳದ್ದು ಮಾತ್ರ. ಡಿಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಇಲ್ಲ, ಅಂದರೆ 1,096 ಪೌಂಡ್. ಮೊದಲ ತಿಂಗಳ 950 ಸೇರಿಸು, 2,046 ಆಯಿತು. ಹಾಗಾಗಿ ಈಗ ಓನರ್‌ಗೆ ಧೈರ್ಯ ಕೊಡಲು ಮುಂಗಡದ ದುಡ್ಡಲ್ಲ, ಗ್ಯಾರಂಟರ್ ಬೇಕು.

ಇನ್ನು ನಿಮ್ಮ ಭಾವನ ವಿಷಯ. ಇದರ ಬಗ್ಗೆ ನನಗೆ ತುಂಬ ಕಾಳಜಿ ಇದೆ ತಂಗಿ. ಅವರಿಗೆ ಹೇಳದೆ ಸಹಿ ಹಾಕಿಸಬೇಡ. ಗ್ಯಾರಂಟರ್ ಅಂದರೆ ಬರೀ ಒಳ್ಳೆಯ ಮಾತು ಹೇಳುವವರಲ್ಲ. ನೀವು ಬಾಡಿಗೆ ಕೊಡದಿದ್ದರೆ, ಮನೆಗೆ ಏನಾದರೂ ಹಾಳು ಮಾಡಿದರೆ, ಅವರೇ ಕಟ್ಟಬೇಕು. ಕಾಗದದಲ್ಲಿ ಮಿತಿ ಬರೆಯದಿದ್ದರೆ ಅದಕ್ಕೆ ಮಿತಿಯೂ ಇರುವುದಿಲ್ಲ. ಸಾಮಾನ್ಯವಾಗಿ ಗ್ಯಾರಂಟರ್‌ಗೆ ಬಾಡಿಗೆಯ ಮೂವತ್ತಾರು ಪಟ್ಟು ಆದಾಯ ಕೇಳುತ್ತಾರೆ, ನಿಮ್ಮ ಮನೆಗೆ 34,200. ಅವರ ಕ್ರೆಡಿಟ್ಟೂ ನೋಡುತ್ತಾರೆ. ಈ ಓಡಾಟದಲ್ಲಿ ನಿನಗೆ ಗ್ಯಾರಂಟರ್ ಯಾಕೆ ಬೇಕಾಯಿತು ಅನ್ನೋದು ಏಜೆಂಟ್ ಬಾಯಿಂದಲೇ ಅವರ ಕಿವಿಗೆ ಬೀಳಬಹುದು. ಅದಕ್ಕಿಂತ ಒಂದು ಭಾನುವಾರ ರೆಡಿಂಗ್‌ಗೆ ಹೋಗಿ, ಊಟ ಆದ ಮೇಲೆ ಕೂತು ಹೇಳು. ಎಷ್ಟು ಸಾಲ ಇತ್ತು, ಎಷ್ಟು ಕಂತು ಕಟ್ಟಿದ್ದೀಯ, ಇನ್ನೆಷ್ಟು ಇದೆ ಅಂತ ಕಾಗದ ತೋರಿಸು. ಅವರು ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡ, ಅವರಿಗೂ ಸಂಸಾರ ಇದೆ. ಒಪ್ಪಿದರೆ, ಜವಾಬ್ದಾರಿ ಇಂತಿಷ್ಟು ಪೌಂಡ್‌ವರೆಗೆ ಮಾತ್ರ ಅಂತ ಬರೆಸಲು ನೀನೇ ಏಜೆಂಟ್ ಹತ್ತಿರ ಕೇಳು.

ಅಪ್ಪ ಕಳಿಸುವ 2 ಲಕ್ಷದ ವಿಷಯದಲ್ಲೂ ಸ್ವಲ್ಪ ನಿಲ್ಲು. ಐವಿಎ ಷರತ್ತುಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. 500 ಪೌಂಡ್ ದಾಟಿದ ಹೊಸ ಸಾಲವನ್ನು ಸೂಪರ್‌ವೈಸರ್ ಒಪ್ಪಿಗೆ ಇಲ್ಲದೆ ಮಾಡಬಾರದು. ಲೆಕ್ಕಕ್ಕಿಲ್ಲದೆ ಬಂದ ದುಡ್ಡನ್ನು, ಉಡುಗೊರೆಯನ್ನೂ ಸೇರಿಸಿ, ಅವರಿಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಸಾಲ ಕೊಟ್ಟವರಿಗೆ ಸೇರಬೇಕಾದ ದುಡ್ಡು ಅಂತ ಆಗಿಬಿಡಬಹುದು. ಆದ್ದರಿಂದ ಅಪ್ಪ ಬ್ಯಾಂಕಿಗೆ ಹೋಗುವ ಮೊದಲೇ ಸೂಪರ್‌ವೈಸರ್‌ಗೆ ಬರೆ: ಓನರ್ ಮನೆ ಮಾರುತ್ತಿದ್ದಾರೆ, ಹೊಸ ಮನೆಯ ಡಿಪಾಸಿಟ್‌ಗೆ ತಂದೆ ಇಷ್ಟು ಕೊಡುತ್ತಿದ್ದಾರೆ, ಒಪ್ಪಿಗೆ ಕೊಡಿ ಅಂತ. ನೋಟಿಸ್‌ನ ಫೋಟೋ ಜೊತೆಗಿಡು. ಉತ್ತರ ಬರಹದಲ್ಲಿ ಬರಲಿ. ಬಳಗದ ಯಾರಾದರೂ ಕೈಗಡ ಕೊಡುತ್ತೇನೆ ಅಂದರೂ ಇದೇ ನಿಯಮ, ಕೈಗಡವೂ ಸಾಲವೇ.

ಅದೇ ಇಮೇಲ್‌ನಲ್ಲಿ ಇನ್ನೊಂದು ಕೇಳು. ಹೊಸ ಮನೆಗೆ ಬಾಡಿಗೆ ಜಾಸ್ತಿಯಾಗುವುದಾದರೆ, ಮನೆ ಖರ್ಚಿನ ಲೆಕ್ಕ ಮತ್ತೆ ನೋಡಿ 240 ಪೌಂಡ್ ಕಂತನ್ನು ಸ್ವಲ್ಪ ಇಳಿಸಲು ಆಗುತ್ತಾ ಅಂತ. ಮನೆ ಬದಲಿಸುವ ತಿಂಗಳು ಕಂತಿಗೆ ಬಿಡುವನ್ನೂ ಕೇಳಬಹುದು, ಆ ಕಂತು ಕೊನೆಗೆ ಹೋಗಿ ಸೇರುತ್ತದೆ. ಹಳೇ ಡಿಪಾಸಿಟ್ ವಾಪಸ್ ಬರುವುದು ಮನೆ ಖಾಲಿ ಮಾಡಿದ ಮೇಲೆ, ಹೊಸದು ಕಟ್ಟಬೇಕಾದ್ದು ಅದಕ್ಕೆ ಮೊದಲು. ಆ ಎರಡು ಮೂರು ವಾರದ ಸಂದಿಯೇ ನಿಜವಾದ ಕಷ್ಟ. ಏನೇ ಆದರೂ ಕಂತು ಕಟ್ಟಲು ಹೋಗಿ ಬಾಡಿಗೆ ನಿಲ್ಲಿಸಬೇಡ. ಬಾಡಿಗೆ ಮೊದಲು, ಕಂತು ಆಮೇಲೆ. ಐವಿಎ ಇದೆ ಅಂತ ಬಾಡಿಗೆ ಬಾಕಿಗೆ ರಕ್ಷಣೆ ಸಿಗುವುದಿಲ್ಲ, ಮನೆ ಬಿಡಿಸಲು ಓನರ್ ಆಗಲೂ ಕೋರ್ಟ್‌ಗೆ ಹೋಗಬಹುದು.

ಎಲ್ಲ ಕಡೆ ಬಾಗಿಲು ಮುಚ್ಚಿದರೆ? ನೋಟಿಸ್ ಮುಗಿಯಲು 56 ದಿನ ಉಳಿದಿದೆ ಅನ್ನುವಾಗ ಕೌನ್ಸಿಲ್‌ನ ಹೌಸಿಂಗ್ ಆಫೀಸ್‌ಗೆ ಹೋಗು. ಮನೆ ಕಳೆದುಕೊಳ್ಳುವ ಹಂತದಲ್ಲಿರುವವರಿಗೆ ಆಗಿನಿಂದಲೇ ಸಹಾಯ ಮಾಡುವುದು 2018ರಿಂದ ಅವರ ಕಾನೂನುಬದ್ಧ ಹೊಣೆ. ಕೆಲವು ಕೌನ್ಸಿಲ್‌ಗಳು ಡಿಪಾಸಿಟ್‌ಗೆ ತಾವೇ ಬಾಂಡ್ (ಖಾತರಿ ಪತ್ರ) ಕೊಡುತ್ತವೆ. ನಿನಗೆ ಐಎಲ್‌ಆರ್ ಇರುವುದರಿಂದ ಕೇಳುವ ಹಕ್ಕಿದೆ. ವೀಸಾದಲ್ಲಿ ಸರ್ಕಾರಿ ನೆರವು ಇಲ್ಲ ಅಂತ ಬರೆದಿರುವವರಿಗೆ ಈ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ, ಅಂಥವರು ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಗೆ ಫೋನ್ ಮಾಡಿ. ಎರಡರದ್ದೂ ಬಿಟ್ಟಿ ಸಲಹೆ.

ಬಳಗದವರ ಬಗ್ಗೆ ಕೇಳಿದ್ದೀಯ. ರಿಜಿಸ್ಟರ್‌ನಲ್ಲಿ ಹೆಸರು, ವಿಳಾಸ ಇರುತ್ತದೆ ನಿಜ. ಆದರೆ ಯುಗಾದಿ ಕಾರ್ಯಕ್ರಮಕ್ಕೆ ಹೋಳಿಗೆ ಮಾಡಿಕೊಂಡು ಬರುವವರು ಯಾರೂ ಮನೆಗೆ ಹೋಗಿ ಅದನ್ನು ತೆಗೆದು ಓದುವುದಿಲ್ಲ. ನನ್ನ ಐದು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ನಾನೇ ಇಬ್ಬರಿಗೆ ಹೇಳಿದೆ. ಅವರಲ್ಲಿ ಒಬ್ಬರು ನನ್ನ ಕೈ ಹಿಡಿದುಕೊಂಡು ‘ನಮ್ಮದೂ ನಡೀತಿದೆ’ ಅಂದರು. ನಿನ್ನದು 2028ರ ಅಕ್ಟೋಬರ್‌ಗೆ ಮುಗಿದರೆ ಮೂರು ತಿಂಗಳೊಳಗೆ ರಿಜಿಸ್ಟರ್‌ನಿಂದ ಹೆಸರು ಹೋಗುತ್ತದೆ. ಕ್ರೆಡಿಟ್ ಫೈಲ್‌ನಿಂದ 2029ರ ಅಕ್ಟೋಬರ್‌ಗೆ. ಮುಗಿದಾಗ ಕೊಡುವ ಸರ್ಟಿಫಿಕೇಟ್ ಜೋಪಾನವಾಗಿಡು. ಹೊಸ ಮನೆಗೆ ಹೋದ ದಿನವೇ ಸೂಪರ್‌ವೈಸರ್‌ಗೆ ವಿಳಾಸ ಕಳಿಸು. ಮನೆ ಸಿಕ್ಕ ಮೇಲೆ ನನಗೂ ಒಂದು ಸಾಲು ಬರೆ.

ಪ್ರಶ್ನೆ: ನಾನು ಗ್ಲಾಸ್ಗೋದಲ್ಲಿದ್ದೇನೆ ಮೇಡಂ. ಸಾಲಕ್ಕೆ ಐವಿಎ ಮಾಡಿಸೋಣ ಅಂತಿದ್ದೇನೆ. ಮುಂದಿನ ವರ್ಷ ಮನೆ ಬದಲಿಸಬೇಕು. ಮೊದಲು ಯಾವುದು ಮಾಡಲಿ?
(ಒಬ್ಬ ಓದುಗ)

ಉತ್ತರ: ಸ್ಕಾಟ್ಲೆಂಡ್‌ನಲ್ಲಿ ಐವಿಎ ಇಲ್ಲ. ಅಲ್ಲಿ ವಾಸವಿರುವ ನಿಮಗೆ ಐವಿಎ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಫೋನ್ ಮಾಡಿದ್ದರೆ ಅವರಿಂದ ದೂರ ಇರಿ. ನಿಮ್ಮಲ್ಲಿ ಇರುವುದು ಐವಿಎ ಥರದ್ದೇ ಆದ ಪ್ರೊಟೆಕ್ಟೆಡ್ ಟ್ರಸ್ಟ್ ಡೀಡ್, ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಇನ್ನೊಂದು ಡೆಟ್ ಅರೇಂಜ್‌ಮೆಂಟ್ ಸ್ಕೀಮ್. ಅದರಲ್ಲಿ ಸಾಲ ಪೂರ್ತಿ ತೀರಿಸಬೇಕು, ಆದರೆ ಬಡ್ಡಿ ನಿಲ್ಲುತ್ತದೆ, ಟೈಮ್ ಸಿಗುತ್ತದೆ. ಎರಡೂ ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಕಾಣುತ್ತವೆ. ಹೊಸ ಮನೆಗೆ ಡಿಪಾಸಿಟ್ ಅಲ್ಲಿ ಎರಡು ತಿಂಗಳ ಬಾಡಿಗೆಯವರೆಗೂ ಕೇಳಬಹುದು, ಅಷ್ಟನ್ನು ಈಗಿನಿಂದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮನೆ ಮೊದಲೋ ಒಪ್ಪಂದ ಮೊದಲೋ ಅನ್ನೋದು ಈಗ ಕಂತು ಕಟ್ಟಲು ಆಗುತ್ತಿದೆಯಾ ಅನ್ನುವುದರ ಮೇಲೆ ನಿಂತಿದೆ. ಈಗಲೇ ಬಾಡಿಗೆ ದುಡ್ಡಿನಿಂದ ಕಾರ್ಡ್ ಕಟ್ಟುತ್ತಿದ್ದರೆ ಮನೆಗಾಗಿ ಕಾಯಬೇಡಿ, ಕೋರ್ಟ್ ತೀರ್ಪು ಬಂದರೆ ಅದೂ ಫೈಲ್‌ಗೆ ಸೇರುತ್ತದೆ. ಎಷ್ಟು ಸಾಲ, ಎಷ್ಟು ಸಂಬಳ ಅಂತ ನೀವು ಬರೆದಿಲ್ಲ. ಅದೆಲ್ಲ ತೆಗೆದುಕೊಂಡು ಹತ್ತಿರದ ಸಿಟಿಜನ್ಸ್ ಅಡ್ವೈಸ್ ಸ್ಕಾಟ್ಲೆಂಡ್ ಆಫೀಸಿಗೆ ಹೋಗಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬಂದಿರುವ ಎಲ್ಲ ಪತ್ರ, ತೆರೆಯದೆ ಡ್ರಾಯರ್‌ಗೆ ಹಾಕಿರುವ ಕವರ್‌ಗಳನ್ನೂ ತೆಗೆದುಕೊಂಡು ಹೋಗಿ.